ಒರೆಸಿಹೋದ ನಂಬರುಗಳು

ಕೊಯ್ಲು ಮುಗಿದು ಒಕ್ಕಣೆ ಶುರುವಾಗಿ ನಾಲ್ಕು ದಿನವಾಗಿತ್ತು. ಬೀದಿಯ ಕೊನೆಯ ಬಯಲಲ್ಲಿ ಒಕ್ಕಣೆ ಯಂತ್ರ ಬೆಳಗಿನಿಂದ ಗುಡುಗುಡು ಅನ್ನುತ್ತಿತ್ತು. ಅದರ ಹೊಟ್ಟು ಗಾಳಿಯಲ್ಲಿ ತೇಲಿ ಬಂದು ಕಿಟಕಿಯ ಸರಳು, ನೀರಿನ ಕೊಡ, ಒಣಹಾಕಿದ ಬಟ್ಟೆ ಯಾವುದನ್ನೂ ಬಿಡದೆ ಕೂರುತ್ತಿತ್ತು. ಸೊಸೆ ಜಗಲಿಯಲ್ಲಿ ಕೂತು ಬಿತ್ತನೆಗೆ ಕಾಳು ಆರಿಸುತ್ತಿದ್ದಳು. ಅವಳ ತವರಿನವರದು ಬಿತ್ತನೆ ಬೀಜದ ವ್ಯಾಪಾರ. ಮಾತು ಬರುವ ಮೊದಲೇ ಅವಳಿಗೆ ಜೊಳ್ಳು ಯಾವುದು ಗಟ್ಟಿ ಯಾವುದು ಎಂದು ಗೊತ್ತಾಗುತ್ತಿತ್ತು ಎಂದು ಅಪ್ಪ ಹೇಳಿಕೊಂಡು ತಿರುಗುತ್ತಿದ್ದ.

ಜಗಲಿಯ ಇನ್ನೊಂದು ಮೂಲೆಯಲ್ಲಿ ಮಾವನ ಮೇಜು. ಮಾವ ರೇಡಿಯೋ ರಿಪೇರಿಯವರು. ಮೋಟಾರು, ಫ್ಯಾನು, ಟಾರ್ಚು, ಏನು ತಂದುಕೊಟ್ಟರೂ ಬೇಡ ಅನ್ನದವರು. ಆದರೆ ಮನಸ್ಸೆಲ್ಲ ಹಳೆಯ ವಾಲ್ವ್ ರೇಡಿಯೋಗಳ ಮೇಲೆ. ಈಗ ಮೇಜಿನ ಮೇಲಿದ್ದದ್ದು ಸೂಲಗಿತ್ತಿ ಅಜ್ಜಿಯ ರೇಡಿಯೋ.

ಅದರ ಕತೆ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಇಪ್ಪತ್ತೆಂಟು ವರ್ಷದ ಕೆಳಗೆ ಅತ್ತೆ ಎರಡು ದಿನ ಬೇನೆ ತಿಂದಾಗ ಅಜ್ಜಿ ಪಕ್ಕ ಬಿಟ್ಟು ಕದಲದೆ ಕೂತು ಮಗುವನ್ನು ಈಚೆಗೆ ತಂದಿದ್ದಳು. ಆ ಮಗುವೇ ಸೊಸೆಯ ಗಂಡ. ಅಜ್ಜಿ ಅಂದು ಕೊಟ್ಟದ್ದೇನನ್ನೂ ಮುಟ್ಟಲಿಲ್ಲ. "ನನ್ನ ರೇಡಿಯೋ ಕೆಟ್ಟ ದಿನ ರಿಪೇರಿ ಮಾಡಿಕೊಡುವೆಯಂತೆ, ಹೋಗು" ಎಂದು ಮಾವನಿಗೆ ಅಂದಿದ್ದಳು. ಆ ಪೆಟ್ಟಿಗೆಯೋ, ಕೆಡಲೇ ಇಲ್ಲ. "ಅದು ಕೆಡೋದೂ ಇಲ್ಲ, ನಮ್ಮ ಋಣ ಹರಿಯೋದೂ ಇಲ್ಲ" ಎಂದು ಅತ್ತೆ ಗೊಣಗುತ್ತಲೇ ಬಂದಿದ್ದರು. ಕೊನೆಗೂ ಹೋದ ತಿಂಗಳು ಅದು ಬಾಯಿ ಮುಚ್ಚಿತು. ಈ ಶನಿವಾರ ಅಜ್ಜಿ ಹೊಳೆಯಾಚೆ ತಂಗಿಯ ಮನೆಗೆ ಹೋಗಿ ಇರುವವಳು. "ಮಾತಾಡೋ ಹಾಗಿದ್ರೆ ಜೊತೆಗೆ ಕರ್ಕೊಂಡು ಹೋಗ್ತೀನಿ. ಮೂಕ ಪೆಟ್ಟಿಗೆ ಹೊತ್ತುಕೊಂಡು ಏನು ಮಾಡಲಿ?" ಅಂದಿದ್ದಳು. ಇವತ್ತು ಗುರುವಾರ.

ಮಾವ ಒಣಗಿದ ಕಂಡೆನ್ಸರುಗಳನ್ನೆಲ್ಲ ಕಿತ್ತು ಹೊಸವು ಹಾಕಿ ಮುಗಿಸಿದ್ದರು. ಬಲ್ಬಿನಂತಹ ಐದು ಗಾಜಿನ ವಾಲ್ವುಗಳನ್ನು ಬಿಚ್ಚಿ ತಟ್ಟೆಯಲ್ಲಿ ಇಟ್ಟಿದ್ದರು. ಅಷ್ಟರಲ್ಲಿ ಒಕ್ಕಣೆ ಯಂತ್ರದ ಮೋಟಾರು ಕೈಕೊಟ್ಟಿತೆಂದು ಯಾರೋ ಬಂದು ಅವರನ್ನು ಕರೆದುಕೊಂಡು ಹೋದರು.

ತಟ್ಟೆಯ ಮೇಲೆ ಹೊಟ್ಟು ಕೂರುವುದನ್ನು ಸೊಸೆ ನೋಡಿದಳು. ಎಂಟು ತಿಂಗಳ ಹಿಂದೆ ಮದುವೆಯಾಗಿ ಬಂದವಳು. ಟಾರ್ಚು ಹಿಡಿಯಲು ಮಾವ ಅವಳನ್ನು ಮೇಜಿನ ಪಕ್ಕ ಕೂರಿಸಿಕೊಳ್ಳಲು ಶುರುಮಾಡಿದ್ದು ಈಚೆಗೆ. ಆ ಸ್ಟೂಲಿನ ಮೇಲೆ ಕೂತಾಗ ಮಾತ್ರ ಈ ಮನೆ ತನ್ನದು ಅನ್ನಿಸುತ್ತಿತ್ತು. ಮಾವ ಬರುವಷ್ಟರಲ್ಲಿ ಚೊಕ್ಕ ಮಾಡಿಡೋಣವೆಂದು ಒದ್ದೆ ಬಟ್ಟೆ ತಂದು ಒಂದೊಂದೇ ಗಾಜಿನ ಬುರುಡೆಯನ್ನು ಮಗುವಿನ ಮುಖ ಒರೆಸುವ ಹಾಗೆ ಒರೆಸಿದಳು.

ಐದನೆಯದನ್ನು ಇಡುವಾಗ ಬಟ್ಟೆಯ ಮೇಲೆ ಬಿಳಿಯ ಕಲೆ ಕಂಡಿತು. ಐದನ್ನೂ ತಿರುಗಿಸಿ ನೋಡಿದಳು. ಗಾಜಿನ ಮೇಲೆ ಬಿಳಿ ಬಣ್ಣದಲ್ಲಿ ಅಚ್ಚಾಗಿದ್ದ ನಂಬರುಗಳು ಒಂದೂ ಉಳಿದಿರಲಿಲ್ಲ.

"ಅದೇನು ಹಾಗೆ ನಿಂತೆ, ಹಾವು ತುಳಿದವಳ ಹಾಗೆ?" ಅಡುಗೆಮನೆಯಿಂದ ಅತ್ತೆ ಕೇಳಿದರು.

"ಏನಿಲ್ಲ ಅತ್ತೆ."

ಬಟ್ಟೆಯನ್ನು ಮುದ್ದೆ ಮಾಡಿ ಹಿತ್ತಿಲಿಗೆ ಎಸೆದಳು. ಹಳೆಯ ವಾಲ್ವು, ಅಕ್ಷರ ತಾನಾಗಿಯೇ ಉದುರಿರಬಹುದು ಎಂದರೆ ಯಾರು ಅಲ್ಲವೆಂದಾರು? ಹಾಗೆ ಅಂದುಕೊಂಡು ಕಾಳು ಆರಿಸಲು ಕೂತಳು. ಗಟ್ಟಿಯ ಜೊತೆಗೆ ಜೊಳ್ಳೂ ಮೊರಕ್ಕೆ ಬಿತ್ತು. ಆರಿಸಿದ್ದನ್ನೇ ಮತ್ತೆ ಆರಿಸಿದಳು.

ಮಾವ ಬಂದವರೇ ಕೈ ತೊಳೆದು ಮೇಜಿಗೆ ಕೂತರು. ಅವರ ಕಣ್ಣಿಗೆ ಪೊರೆ ಬಂದಿತ್ತು. ಭೂತಗನ್ನಡಿ ಹಿಡಿದು ಒಂದು ವಾಲ್ವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದೇನಮ್ಮ, ನನ್ನ ಕಣ್ಣು ಪೂರ್ತಿ ಹೋಯ್ತಾ? ಒಂದಕ್ಕೂ ನಂಬರು ಕಾಣ್ತಿಲ್ಲ."

ಅವರು ತಮ್ಮ ಕಣ್ಣನ್ನೇ ದೂರಿದ್ದು ಕೇಳಿ ಅವಳಿಗೆ ತಡೆಯಲಾಗಲಿಲ್ಲ.

"ಕಣ್ಣು ಸರಿಯಾಗೇ ಇದೆ ಮಾವ. ನಾನು ಒರೆಸಿಬಿಟ್ಟೆ. ಒದ್ದೆ ಬಟ್ಟೇಲಿ."

ಮಾವ ಭೂತಗನ್ನಡಿಯನ್ನು ಮೆಲ್ಲಗೆ ಕೆಳಗಿಟ್ಟರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಐದನ್ನೂ ಕೈಯಿಂದ ತಡವಿ ಬೇರೆ ಬೇರೆ ಇಟ್ಟರು.

"ದಪ್ಪನೆಯ ಎರಡು ಗೊತ್ತಾಗ್ತವೆ," ಎಂದರು ಕೊನೆಗೆ. "ಈ ಮೂರರದ್ದೇ ಕಷ್ಟ. ಮೂರಕ್ಕೂ ಒಂದೇ ಮೈಕಟ್ಟು, ತಲೆ ಮೇಲೆ ಒಂದೇ ಥರ ಲೋಹದ ಟೋಪಿ. ಅದಲುಬದಲು ಕೂರಿಸಿ ಕರೆಂಟು ಕೊಟ್ಟರೆ ಸುಟ್ಟುಹೋದಾವು. ಹೋದ್ರೆ ಬೇರೆ ಎಲ್ಲಿಂದ ತರೋದು? ನಂಬರು ಇದೆಯಲ್ಲ ಅಂತ ನಾನೂ ಸಾಲಾಗಿ ಇಡದೆ ಹೇಗೆಂದರೆ ಹಾಗೆ ಇಟ್ಟೆ."

"ಮೂರೂ ಒಂದೇ ಥರ ಇಲ್ಲ ಮಾವ."

"ಏನು?"

ಅವಳು ಸ್ಟೂಲು ಎಳೆದುಕೊಂಡು ಕೂತು ಒಂದೊಂದನ್ನೇ ಬೆಳಕಿಗೆ ಹಿಡಿದಳು. "ಒಳಗೆ ಮೇಲ್ಗಡೆ ಒಂದು ಬಿಲ್ಲೆ ಇದೆಯಲ್ಲ, ಅದರಲ್ಲಿ ಸೂಜಿಮೊನೆ ಹಾಗೆ ಕಡ್ಡಿಗಳು ಎದ್ದಿವೆ. ಒಂದರಲ್ಲಿ ಜಾಸ್ತಿ, ಒಂದರಲ್ಲಿ ಕಮ್ಮಿ."

ಮಾವನ ಬೆನ್ನು ನೆಟ್ಟಗಾಯಿತು. "ಎಣಿಸು. ನಡುವಿನ ದಪ್ಪ ಕೊಳವೆ ಬಿಡು, ಅದರ ಅಕ್ಕಪಕ್ಕ ಇರೋ ಜೋಡಿ ಕಡ್ಡಿ ಮಾತ್ರ ಎಣಿಸು. ಒಳಗೆ ಸುತ್ತಿದ ತಂತಿಯ ಒಂದೊಂದು ಜಾಲರಿಗೆ ಎರಡೆರಡು ಕಡ್ಡಿ ಆಸರೆ."

ಅವಳು ಎಣಿಸಿದಳು. ತಪ್ಪಿತೇನೋ ಎಂದು ಮತ್ತೆ ಎಣಿಸಿದಳು. "ಇದರಲ್ಲಿ ಹತ್ತು. ಇದರಲ್ಲಿ ಆರು. ಇದರಲ್ಲಿ ಎರಡೇ ಎರಡು."

"ಐದು ಜಾಲರಿ, ಮೂರು, ಒಂದು!" ಮಾವ ಮೇಜು ಕುಟ್ಟಿದರು. "ಹತ್ತರದ್ದು ಸ್ಟೇಷನ್ ಹಿಡಿಯೋದು, ಆರರದ್ದು ಅದನ್ನ ಬಲಪಡಿಸೋದು, ಎರಡರದ್ದು ಅದರಿಂದ ಮಾತು ಬಿಡಿಸೋದು. ಜೀವಮಾನ ಎಲ್ಲ ಮೈಮೇಲಿನ ನಂಬರು ನೋಡಿದೆ, ಹೊಟ್ಟೆಯೊಳಗೆ ಇಣುಕಿ ನೋಡಲೇ ಇಲ್ಲ ನೋಡು."

ವಾಲ್ವುಗಳು ತಮ್ಮ ತಮ್ಮ ಜಾಗದಲ್ಲಿ ಕೂತವು. ಮೊದಲ ಸಲ ಕರೆಂಟು ಕೊಡುವಾಗ ಮಾವ ಪ್ಲಗ್ಗಿಗೂ ರೇಡಿಯೋಗೂ ನಡುವೆ ಒಂದು ಬಲ್ಬು ಜೋಡಿಸುವವರು. ಒಳಗೆಲ್ಲೋ ಶಾರ್ಟ್ ಇದ್ದರೆ ಬಲ್ಬು ಭಗ್ಗನೆ ಉರಿದು ಚಾಡಿ ಹೇಳುತ್ತದೆ, ರೇಡಿಯೋ ಉಳಿಯುತ್ತದೆ. ಸ್ವಿಚ್ಚು ಒತ್ತಿದಾಗ ಬಲ್ಬು ಒಮ್ಮೆ ಹೊಳೆದು ಮಂಕಾಯಿತು. ಒಳ್ಳೆಯ ಲಕ್ಷಣ. ಬಲ್ಬು ತೆಗೆದು ನೇರ ಕರೆಂಟು ಕೊಟ್ಟರು. ವಾಲ್ವುಗಳ ಬುಡದಲ್ಲಿ ಕೆಂಡದ ಚುಕ್ಕಿ ಮೂಡಿತು. ಅರ್ಧ ನಿಮಿಷ, ಒಂದು ನಿಮಿಷ. ಸದ್ದಿಲ್ಲ.

ಸೊಸೆ ರೇಡಿಯೋದತ್ತ ಬಗ್ಗಿದಳು. "ನಾನು ಎಣಿಸಿದ್ದು ತಪ್ಪಾ?"

"ಅದನ್ನೇ ಕೇಳಿ ನೋಡೋಣ. ಎರಡರದ್ದರ ಟೋಪಿಗೆ ಸ್ಕ್ರೂಡ್ರೈವರ್ ತುದಿ ಮುಟ್ಟಿಸು. ಬೇರೆ ಎಲ್ಲೂ ಕೈ ಇಡಬೇಡ."

ಮುಟ್ಟಿಸಿದಳು. ರೇಡಿಯೋ ಗುರ್ ಎಂದು ಗದರಿತು. ಬೆಚ್ಚಿ ಕೈ ಎಳೆದುಕೊಂಡಳು.

"ಬೈದ್ರೆ ಜೀವ ಇದೆ ಅಂತ ಅರ್ಥ. ಇಲ್ಲಿಂದ ಮುಂದಕ್ಕೆಲ್ಲ ಸರಿಯಾಗಿದೆ. ಈಗ ಆರರದ್ದು."

ಅದು ಕರಕರ ಅಂದಿತು. ಹತ್ತರದ್ದಕ್ಕೆ ಮುಟ್ಟಿಸಿದಾಗ ಮಾತ್ರ ಏನೂ ಇಲ್ಲ. ಮಾವ ಸ್ವಿಚ್ಚು ಆರಿಸಿದರು. ಅವಳು ಅದರ ಟೋಪಿಯನ್ನು ಕಚ್ಚಿಕೊಂಡಿದ್ದ ಪುಟ್ಟ ಕ್ಲಿಪ್ಪಿನತ್ತ ಬಗ್ಗಿ ನೋಡಿದಳು. "ಮಾವ, ತಂತಿ ಕ್ಲಿಪ್ಪಿಗೆ ಅಂಟಿದ ಹಾಗೆ ಕಾಣ್ತದೆ, ಆದ್ರೆ ಅಂಟಿಲ್ಲ. ಸುತ್ತ ಹಸಿರು ಕಿಲುಬು ಕಟ್ಟಿದೆ."

ಮಾವ ಬೆಸುಗೆ ಕಡ್ಡಿಯನ್ನು ಅವಳ ಕೈಗೇ ಕೊಟ್ಟರು. ಬೆಸುಗೆ ಸ್ವಲ್ಪ ಉಂಡೆಯಾಗಿ ಕೂತಿತು. "ನೋಡೋಕೆ ಚೆನ್ನಾಗಿಲ್ಲ, ಇರಲಿ, ಹಿಡಿದಿದೆ" ಎಂದರು.

ಈ ಸಲ ಮೊದಲು ಸಣ್ಣ ಗುಂಗು. ಆಮೇಲೆ ಬಾವಿಯಿಂದ ಕೊಡ ಮೇಲೆ ಬಂದ ಹಾಗೆ ಒಂದು ಗಂಡು ದನಿ ನಿಧಾನವಾಗಿ ಎದ್ದು ಬಂತು. ನಾಳೆ ಬಿಸಿಲು, ಗಾಳಿ ಕಡಿಮೆ ಎಂದಿತು. ಅತ್ತೆ ಸೌಟು ಹಿಡಿದೇ ಹೊರಗೆ ಬಂದು ಬಾಗಿಲಿಗೆ ಒರಗಿ ನಿಂತರು.

ಶನಿವಾರ ಬೆಳಿಗ್ಗೆ ಸೂಲಗಿತ್ತಿ ಅಜ್ಜಿ ಬಂದು ಕೂತು, ಕಣ್ಣು ಮುಚ್ಚಿ ಒಂದು ಹಾಡು ಪೂರ್ತಿ ಕೇಳಿದಳು.

"ಮುಂಚಿಗಿಂತ ಗಂಟಲು ತಿಳಿಯಾಗಿದೆ. ಏನು ಮಾಡ್ದೆ ಇದಕ್ಕೆ?"

"ನಾನು ಕಂಡೆನ್ಸರು ಹಾಕಿದೆ. ಇವಳು ನಂಬರೆಲ್ಲ ಒರೆಸಿ ಗುಡಿಸಿಹಾಕಿದಳು," ಎಂದರು ಮಾವ. ಸೊಸೆ ತಲೆ ತಗ್ಗಿಸುವಷ್ಟರಲ್ಲಿ ಮುಂದುವರಿಸಿದರು, "ಆಮೇಲೆ ಇವಳೇ ಒಳಗೆ ನೋಡಿ ಹುಡುಕಿದಳು. ಕೊನೇ ಬೆಸುಗೆಯೂ ಇವಳದೇ."

ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು. "ಶುಚಿ ಮಾಡಿದ್ದಕ್ಕೆ ಮುಖ ಯಾಕೆ ಸಣ್ಣ ಮಾಡ್ಕೋತೀಯೆ ಹುಡುಗಿ? ಕೈ ತೊಳೀರಿ, ಬಟ್ಟೆ ಬಿಸಿನೀರಲ್ಲಿ ಅದ್ದಿ ಅಂತ ಮನೆಮನೇಲೂ ಅರಚಿ ನನ್ನ ಗಂಟಲು ಹರಿದಿದೆ. ಒಬ್ಬಳಾದ್ರೂ ಕೇಳಿಸಿಕೊಂಡಳಲ್ಲ!"

"ಹಾಗಾದ್ರೆ ನಮ್ಮ ಋಣ ತೀರಿತು ಅನ್ನು ಅಕ್ಕ," ಎಂದರು ಅತ್ತೆ. "ನಿನ್ನ ಬಾಯಿಂದ ಒಂದು ಸಲ ಕೇಳ್ಬೇಕು ನಾನು."

"ತೀರಿತು. ನಿನ್ನ ಗಂಡಂದೂ ತೀರಿತು, ನಿಂದೂ ತೀರಿತು."

ಹೊರಗೆ ಟೆಂಪೋದವನು ಹಾರನ್ ಬಾರಿಸಿದ. ರೇಡಿಯೋವನ್ನು ಸಾಮಾನಿನ ಜೊತೆ ಹಿಂದೆ ಇಡಲು ಅಜ್ಜಿ ಒಪ್ಪಲಿಲ್ಲ. ಮುಂದೆ ಕೂತು ತೊಡೆಯ ಮೇಲೆ ಇರಿಸಿಕೊಂಡಳು. ಆಮೇಲೆ ಕಿಟಕಿಯಿಂದ ಕೈ ಚಾಚಿ ಸೊಸೆಯ ಮುಂಗೈ ಹಿಡಿದಳು.

"ನಿನ್ನ ಕೆಲಸಕ್ಕೆ ನಾನೇನೂ ಕೊಡಲಿಲ್ಲ."

"ಅಯ್ಯೋ, ಬೇಡಜ್ಜಿ."

"ಬೇಡ ಅನ್ನೋಕೆ ನೀನ್ಯಾರು? ಈ ಪೆಟ್ಟಿಗೆ ಮತ್ತೆ ಕೆಟ್ಟಾಗ ನಾನು ಹೇಳಿಕಳಿಸೋದು ನಿನಗೇ, ನಿನ್ನ ಮಾವನಿಗಲ್ಲ. ಹೊಳೆ ದಾಟಿ ಬಂದು ಈ ಸಲದ ಕೂಲಿ, ಆಗಿನ ಕೂಲಿ ಎರಡೂ ಸೇರಿಸಿ ಈಸ್ಕೊಂಡು ಹೋಗು. ಅಲ್ಲೀತನಕ ನಿನ್ನ ಸಾಲ ನನ್ನ ಮೇಲಿರಲಿ."