ನನಗೆ ರೊಟ್ಟಿ ಹಾಕಬೇಡಿ

ನಾನು ಒಂದು ಗಪ್ಪಿ ಮೀನು. ಉದ್ದ ಅಂದರೆ ನಿಮ್ಮ ಕಿರುಬೆರಳಿನ ಅರ್ಧ. ಆದರೆ ಬಾಲದ ವಿಷಯಕ್ಕೆ ಬಂದರೆ ನಾನು ಯಾರಿಗೂ ಕಡಿಮೆಯಿಲ್ಲ: ಕೇಸರಿ ಬಣ್ಣ, ಅಂಚಿಗೆ ಒಂದು ಕಪ್ಪು ಗೆರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಕುಲದ ಗಂಡಸರಿಗೆ ಹೇಳಿಕೊಳ್ಳಲು ಬೇರೆ ಹೆಚ್ಚೇನೂ ಇರುವುದಿಲ್ಲ.

ನಾನು ಹುಟ್ಟಿದ್ದು ಬೆಟಗೇರಿಯ ಒಂದು ಆರೋಗ್ಯ ಕೇಂದ್ರದ ಹಿತ್ತಿಲ ತೊಟ್ಟಿಯಲ್ಲಿ. ನಮ್ಮ ತಾಯಂದಿರು ಮೊಟ್ಟೆ ಇಡುವುದಿಲ್ಲ, ಮರಿಗಳನ್ನೇ ಹಾಕುತ್ತಾರೆ. ಹಾಕಿದ ಮೇಲೆ ಹಸಿವಾದರೆ ಮರಿಗಳನ್ನೇ ತಿನ್ನುತ್ತಾರೆ. ಹೀಗಾಗಿ ನಾನು ಕಲಿತ ಮೊದಲ ವಿದ್ಯೆ ಅಮ್ಮನಿಂದ ಓಡುವುದು. ಪಾಚಿಯ ಮರೆಯಲ್ಲಿ ಅಡಗಿ ಹೇಗೋ ದೊಡ್ಡವನಾದೆ. ನಮ್ಮನ್ನು ಸಾಕಿದ್ದು ಅಂದಕ್ಕಲ್ಲ, ಕೆಲಸಕ್ಕೆ. ನಿಂತ ನೀರಿನಲ್ಲಿ ಸೊಳ್ಳೆ ಮೊಟ್ಟೆ ಇಡುತ್ತದೆ, ಅದರಿಂದ ಹುಳ ಬರುತ್ತದೆ, ಆ ಹುಳ ಸೊಳ್ಳೆಯಾಗಿ ಹಾರುವ ಮೊದಲೇ ನಾವು ನುಂಗಬೇಕು. ಸರ್ಕಾರಿ ನೌಕರಿ, ಊಟವೇ ಸಂಬಳ.

ಒಂದು ಬೆಳಿಗ್ಗೆ ಆಶಾ ಕಾರ್ಯಕರ್ತೆ ಕಸ್ತೂರಿ ಚಹಾ ಸೋಸುವ ಜಾಲರಿಯಿಂದ ನಮ್ಮಲ್ಲಿ ಕೆಲವರನ್ನು ಎತ್ತಿ, ನೀರು ತುಂಬಿದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಹೊರಟಳು. ಸ್ಕೂಟಿಯ ಮೇಲೆ ಹೋಗುವಾಗ ಚೀಲದ ಈ ಮೂಲೆಯಿಂದ ಆ ಮೂಲೆಗೆ ಉರುಳಾಡಿದೆ. ಇಳಿದದ್ದು ನೇಕಾರರ ಓಣಿಯಲ್ಲಿ.

ಆ ಓಣಿಗೆ ನಲ್ಲಿ ನೀರು ವಾರಕ್ಕೊಮ್ಮೆ ಬರುತ್ತಿತ್ತು. ಹಾಗಾಗಿ ನೀರು ಹಿಡಿದಿಡದ ಮನೆಯೇ ಇರಲಿಲ್ಲ. ನಾನೂ ಎರಡು ಹೆಣ್ಣು ಮೀನುಗಳೂ ಸೇರಿದ ತೊಟ್ಟಿ ಎರಡು ಮನೆಗಳ ನಡುವೆ ಇತ್ತು. ಈ ಕಡೆ ಬನವ್ವ, ಅವಳ ಮಗ ಚೌಡಪ್ಪ. ಅವರದು ಕೈಮಗ್ಗ. ಆ ಕಡೆ ಗಾದಿ ಹೊಲಿಯುವ ಮಾಬೂಬಿ, ಅವಳ ಮಗಳು ಪರ್ವೀನ್. ಕುಡಿಯುವ ನೀರು ಅವರವರ ಮನೆಯೊಳಗಿನ ಹಂಡೆಗಳಲ್ಲಿ, ಬಳಸುವ ನೀರು ಇಬ್ಬರಿಗೂ ಇದೇ ತೊಟ್ಟಿಯಲ್ಲಿ. ಕೆಳಗಿನಿಂದ ನೋಡುವ ನನಗೆ ಮನುಷ್ಯರೆಂದರೆ ಮೊದಲು ಗಲ್ಲ, ಆಮೇಲೆ ಮೂಗಿನ ಹೊಳ್ಳೆ, ಕೊನೆಗೆ ಕಣ್ಣು. ಬನವ್ವನ ಮೂಗುತಿ ಸೂರ್ಯನಿಗಿಂತ ಮೊದಲೇ ನನಗೆ ಬೆಳಗಾಯಿತೆಂದು ಹೇಳುತ್ತಿತ್ತು.

ಹೋಗುವಾಗ ಕಸ್ತೂರಿ ಒಂದೇ ಮಾತು ಹೇಳಿದಳು. “ಇವಕ್ಕ ಏನೂ ತಿನ್ನಾಕ ಹಾಕಬ್ಯಾಡ್ರಿ ಆಯಿ. ಹಸದ್ರನ ಹುಳಾ ತಿಂತಾವು.”

ಬನವ್ವ ತಲೆಯಾಡಿಸಿದಳು. ಮರುದಿನ ಬೆಳಿಗ್ಗೆ ಅತ್ತ ಇತ್ತ ನೋಡಿ, ಜೋಳದ ರೊಟ್ಟಿಯ ಚೂರನ್ನು ನೀರಿಗೆ ಬಿಟ್ಟಳು. ನನ್ನ ಬಾಲ ತಮ್ಮ ಮಗ್ಗದ ಸೀರೆಯ ಸೆರಗಿನ ಹಾಗೆಯೇ ಇದೆಯೆಂದು ಹೊಗಳಿದಳು ಕೂಡ. ಮಧ್ಯಾಹ್ನ ಆ ಕಡೆಯಿಂದ ಮಾಬೂಬಿಯ ಕೈ ಬಂತು. ಅದರಲ್ಲಿ ಶಾವಿಗೆ. ಸಂಜೆ ಚೌಡಪ್ಪ ಚುರುಮುರಿ ತಿನ್ನುತ್ತಾ ಬಂದು ನಾಲ್ಕು ಕಾಳು ಎಸೆದ. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ನನ್ನ ಹೊಟ್ಟೆಗೆ ಮಾತ್ರ.

ಅಯ್ಯೋ, ಎಂಥ ದಿನಗಳವು! ರೊಟ್ಟಿ, ಶಾವಿಗೆ ತಿಂದವನ ಮುಂದೆ ಸೊಳ್ಳೆಯ ಹುಳ ಕುಣಿದರೆ ಯಾರಿಗೆ ಬೇಕು? ಅವು ನನ್ನ ಮೂಗಿನ ಮುಂದೆಯೇ ಬೆಳೆದವು, ರೆಕ್ಕೆ ಕಟ್ಟಿಕೊಂಡವು, ಹಾರಿಹೋದವು. ನಾನು ಆಕಳಿಸುತ್ತಿದ್ದೆ.

ಚೌಡಪ್ಪ ಮಗ್ಗದಲ್ಲಿ ಕೂತರೆ ಅದರ ಏಟು ನೆಲದಲ್ಲಿ ಹರಿದು ಬಂದು ತೊಟ್ಟಿಯ ನೀರನ್ನು ನಡುಗಿಸುತ್ತಿತ್ತು. ಆ ಲಯಕ್ಕೆ ಈಜುವುದು ನನಗೆ ಅಭ್ಯಾಸವಾಗಿತ್ತು. ಅವನು ಆಗ ನೇಯುತ್ತಿದ್ದದ್ದು ಪರ್ವೀನಳ ಮದುವೆಯ ಸೀರೆ. ಅಂಗಡಿಯದು ಬೇಡ, ನಮ್ಮ ಓಣಿಯ ಹುಡುಗಿ ನನ್ನ ಕೈಯ ಸೀರೆಯನ್ನೇ ಉಟ್ಟು ಹೋಗಬೇಕು ಎಂದು ಅವನೇ ಮಾತು ಕೊಟ್ಟಿದ್ದ.

ಒಂದು ದಿನ ನೀರು ನಡುಗಲಿಲ್ಲ. ಚೌಡಪ್ಪನಿಗೆ ಜ್ವರ. ಚಿಕೂನ್‌ಗುನ್ಯಾ ಅಂದರು. ಜ್ವರ ಬೇಗ ಇಳಿಯಿತು, ಆದರೆ ಬೆರಳುಗಳ ಗಂಟು ಊದಿ, ಮಗ್ಗದ ಲಾಳಿ ಹಿಡಿಯಲು ಬಾರದಾಯಿತು. ಆ ಕಡೆ ಮಾಬೂಬಿಯೂ ಮಲಗಿದಳು. ಎದ್ದ ಮೇಲೆ ಅವಳ ಕೈಯಲ್ಲಿ ಸೂಜಿ ನಿಲ್ಲಲಿಲ್ಲ. ಜ್ವರ ಎಲ್ಲರಿಗೂ ಒಂದೇ ಎನ್ನುತ್ತಾರೆ, ನಾನು ಒಪ್ಪುವುದಿಲ್ಲ. ಕುಳಿತು ಕೆಲಸ ಹೇಳುವವರು ರಜೆ ಹಾಕಿ ಮಲಗಬಹುದು. ಬೆರಳಿನಿಂದಲೇ ಬದುಕುವ ಓಣಿಯಲ್ಲಿ ಬೆರಳು ಮಡಚದಿದ್ದರೆ ಒಲೆ ಹೊತ್ತುವುದಿಲ್ಲ.

ಸಂಕಟದಲ್ಲಿ ಸಿಟ್ಟು ಬೇಗ ಬರುತ್ತದೆ. ಗಾದಿಯ ಹತ್ತಿಯ ದೂಳಿನಿಂದಲೇ ಜ್ವರ ಬಂತೆಂದು ಬನವ್ವ ಅಂದಳಂತೆ. ನೂಲಿಗೆ ಹಾಕುವ ಬಣ್ಣದ ವಾಸನೆಯಿಂದ ಎಂದು ಮಾಬೂಬಿ ಅಂದಳಂತೆ. ಇಬ್ಬರೂ ತೊಟ್ಟಿಗೆ ಬೇರೆ ಬೇರೆ ಹೊತ್ತಿಗೆ ಬರತೊಡಗಿದರು. ಕೊಡಗಳು ಮಾತ್ರ ಸದ್ದು ಮಾಡುತ್ತಿದ್ದವು. ನನಗೆ ಬಹಳ ಬೇಸರವಾಯಿತು, ಶಾವಿಗೆ ಬರುತ್ತಲೇ ಇದ್ದರೂ.

ಕಸ್ತೂರಿ ಬಂದು ತೊಟ್ಟಿಯೊಳಗೆ ಟಾರ್ಚ್ ಬೆಳಕು ಬಿಟ್ಟಳು. ನೀರಿನ ತುಂಬ ಹುಳ. ನಡುವೆ ನಾನು, ಹೊಟ್ಟೆ ಮುಂದೆ ಮಾಡಿಕೊಂಡು. ಮೀನಿದ್ದೂ ಹುಳ ಹೇಗೆಂದು ಅವಳಿಗೆ ಅರ್ಥವಾಗಲಿಲ್ಲ. ಆಗ ಮೂಲೆಯಲ್ಲಿ ತೇಲುತ್ತಿದ್ದ ರೊಟ್ಟಿಯ ಚೂರು ಕಂಡಿತು. ಎರಡೂ ಮನೆಯವರನ್ನು ಕರೆದಳು.

ಬನವ್ವ ಸೆರಗು ಹಿಂಡುತ್ತಾ ನಿಂತಳು. “ಮನೀಗೆ ಬಂದವರನ್ನ ಉಪಾಸ ಹ್ಯಾಂಗ ಇಡೂದವಾ? ಒಂದ ಚೂರು ಹಾಕತಿದ್ದೆ, ಅಷ್ಟ.”

ಮಾಬೂಬಿ ಅವಳನ್ನೇ ನೋಡಿದಳು. “ನಾನೂ ಹಾಕೇನಿ ಅಕ್ಕಾ. ನೀ ಕಟ್ಟುನಿಟ್ಟ ಇದ್ದೀ, ಪಾಪ ಮೀನ ಹಸದಿರತಾವು ಅಂತ.”

ಚುರುಮುರಿ ತನ್ನದು ಎಂದು ಒಳಗಿನಿಂದ ಚೌಡಪ್ಪನ ಸಣ್ಣ ದನಿ ಬಂತು.

ಕಸ್ತೂರಿಗೆ ಬೈಯಬೇಕೋ ನಗಬೇಕೋ ತಿಳಿಯಲಿಲ್ಲ. “ನೀವು ಇವಕ್ಕ ಉಣಿಸಿದ್ರಿ, ಸೊಳ್ಳಿ ನಿಮ್ಮನ್ನ ಉಂಡ್ವು,” ಅಂದಳು. ಹತ್ತಿಯದೂ ಅಲ್ಲ, ಬಣ್ಣದ್ದೂ ಅಲ್ಲ, ಹಗಲು ಕಚ್ಚುವ ಈ ಸೊಳ್ಳೆಗೆ ಎರಡು ಮನೆಯ ನಡುವಿನ ಗೋಡೆ ಲೆಕ್ಕಕ್ಕಿಲ್ಲ ಎಂದು ವಿವರಿಸಿದಳು. ಕೇಳುತ್ತಾ ಕೇಳುತ್ತಾ ಬನವ್ವ ನಕ್ಕಳು, ಮಾಬೂಬಿಯೂ ನಕ್ಕಳು. ಆ ನಗುವಿನಲ್ಲಿ ಅಳುವೂ ಸ್ವಲ್ಪ ಇತ್ತು. ಅಂದಿನಿಂದ ಇಬ್ಬರೂ ಮತ್ತೆ ಒಂದೇ ಹೊತ್ತಿಗೆ ನೀರಿಗೆ ಬಂದರು.

ನನ್ನ ಉಪವಾಸ ಶುರುವಾಯಿತು. ಮೊದಲು ಮುನಿಸಿಕೊಂಡೆ. ಬಾಯಿ ತೆರೆದು ಮೇಲೆ ಬಂದರೆ ಬನವ್ವ ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು. ಅವಳಿಗೂ ಅದು ಕಷ್ಟದ ವ್ರತವೇ. ಕೊನೆಗೆ ಹಸಿವು ತಾಳದೆ ಒಂದು ಹುಳವನ್ನು ನುಂಗಿದೆ. ಪರವಾಗಿಲ್ಲ ಅನ್ನಿಸಿತು. ಇನ್ನೊಂದು ನುಂಗಿದೆ. ತೊಟ್ಟಿ ತಿಳಿಯಾಯಿತು. ನನ್ನ ಮಕ್ಕಳನ್ನು ಓಣಿಯ ಬೇರೆ ಮನೆಗಳಿಗೆ ಕೊಡುವಾಗ ಬನವ್ವ ಪಾತ್ರೆಗೆ ಅರಿಶಿನ ಕುಂಕುಮ ಹಚ್ಚಿ ಕಳಿಸಿದಳು, ಮನೆ ಮಗಳನ್ನು ಕಳಿಸುವ ಹಾಗೆ. ಜೊತೆಗೆ ರೊಟ್ಟಿ ಹಾಕಬಾರದೆಂಬ ಕಟ್ಟಪ್ಪಣೆ.

ಚೌಡಪ್ಪ ದಿನವೂ ತೊಟ್ಟಿಯ ಕಟ್ಟೆಗೆ ಕೂತು ಬೆರಳು ಮಡಚಲು ನೋಡುತ್ತಿದ್ದ. ಮಡಚುತ್ತಿರಲಿಲ್ಲ. ಮದುವೆ ಹತ್ತಿರ ಬರುತ್ತಿತ್ತು. ನಾನು ಅವನ ಬೆರಳನ್ನೇ ನೋಡುತ್ತಿದ್ದೆ, ಬೇರೇನು ಮಾಡಲಿ? ಆಮೇಲೆ ಒಂದು ಬೆಳಿಗ್ಗೆ ನೀರು ನಡುಗಿತು. ಒಂದು ಏಟು, ಬಹಳ ಹೊತ್ತು ಬಿಟ್ಟು ಇನ್ನೊಂದು. ನಾನು ತೊಟ್ಟಿಯ ಸುತ್ತ ಹುಚ್ಚನ ಹಾಗೆ ಸುತ್ತಿದೆ.

ಮದುವೆಯ ದಿನ ಪರ್ವೀನ್ ಆ ಸೀರೆಯುಟ್ಟು ತೊಟ್ಟಿಗೆ ಬಗ್ಗಿದಳು. ಕೇಸರಿ ಸೆರಗು, ಅಂಚಿಗೆ ಕಪ್ಪು ಗೆರೆ. ಗೆರೆ ಒಂದೆಡೆ ಸ್ವಲ್ಪ ಸೊಟ್ಟಗಿತ್ತು, ಚೌಡಪ್ಪನ ಬೆರಳು ನಡುಗಿದ ಜಾಗ. ಮಾಬೂಬಿ ಬಂದವರಿಗೆಲ್ಲ ಆ ಸೊಟ್ಟ ಗೆರೆಯನ್ನೇ ಬೆರಳಿಟ್ಟು ತೋರಿಸಿದಳು.

ಈಗ ನನಗೆ ವಯಸ್ಸಾಗಿದೆ. ಹುಳದ ಹಿಂದೆ ಓಡಲಾರೆ. ತೊಟ್ಟಿಯ ಕೆಲಸ ಮಕ್ಕಳು ನೋಡಿಕೊಳ್ಳುತ್ತಾರೆ. ನನ್ನನ್ನು ಒಂದು ಗಾಜಿನ ಬರಣಿಯಲ್ಲಿ ಮಗ್ಗದ ಪಕ್ಕದ ಕಿಟಕಿಗೆ ಇಟ್ಟಿದ್ದಾರೆ. ಸೊಳ್ಳೆ ಒಳಗೆ ಹೋಗದಂತೆ ಬರಣಿಯ ಬಾಯಿಗೆ ಬಟ್ಟೆ ಕಟ್ಟಿದ್ದಾರೆ. ಒಳ್ಳೆಯವರು ಗುಟ್ಟಾಗಿ ಮಾಡಿದ ಉಪಕಾರವೂ ಜ್ವರ ತರಬಲ್ಲದು, ಒಳ್ಳೆಯವರು ಕೂಡಿ ಅದನ್ನು ಓಡಿಸಲೂ ಬಲ್ಲರು. ನಾನು ಕಂಡದ್ದು ಇಷ್ಟು.

ಇವತ್ತು ಕಸ್ತೂರಿ ತೊಟ್ಟಿ ನೋಡಲು ಬಂದಾಗ ಬನವ್ವ ಅವಳ ಕಿವಿಯಲ್ಲಿ ಏನೋ ಕೇಳಿದಳು. ಕಸ್ತೂರಿ ನಗುತ್ತಾ ಆಗಲಿ ಎಂದು ತಲೆಯಾಡಿಸಿದಳು. ಬನವ್ವ ಬರಣಿಯ ಬಟ್ಟೆ ಬಿಚ್ಚಿ, ಈ ಸಲ ಅತ್ತ ಇತ್ತ ನೋಡದೆ, ರೊಟ್ಟಿಯ ಒಂದು ಚೂರು ಬಿಟ್ಟಳು.

“ಭಾಳ ದುಡದೀಯಪ್ಪಾ. ಇನ್ನ ಉಣ್ಣು.”

ಮಗ್ಗದ ಏಟಿಗೆ ನೀರು ನಡುಗುತ್ತಿತ್ತು. ನಾನು ನಿಧಾನವಾಗಿ ಮೇಲೆ ಬಂದು ಉಂಡೆ.