ಅಂಗೈಯಲ್ಲಿ ಸಂಡೂರಿನ ಕಲ್ಲು

ಹೊಸಪೇಟೆಯ ಹೆಣ್ಣುಮಕ್ಕಳ ಟೀಚರ್ ಟ್ರೈನಿಂಗ್ ಶಾಲೆಯಲ್ಲಿ ಒಂದು ಪಾಠ ಹೇಳಬೇಕೆಂದರೆ ಐದು ಮೆಟ್ಟಿಲು ಹತ್ತಬೇಕಿತ್ತು. ಮಕ್ಕಳ ಮನಸ್ಸನ್ನು ಅಣಿ ಮಾಡುವುದು ಒಂದು, ವಸ್ತುವನ್ನು ತೋರಿಸುವುದು ಒಂದು, ಹೋಲಿಸುವುದು ಇನ್ನೊಂದು, ಹೀಗೆ. ಯಾವ ಪುಣ್ಯಾತ್ಮ ಕಟ್ಟಿದ ಮೆಟ್ಟಿಲುಗಳೋ, ಮದರಾಸಿನಿಂದ ಅಪ್ಪಣೆಯಾಗಿ ಬಂದಿದ್ದವು. ಮನೆಯಲ್ಲಿ ರೊಟ್ಟಿ ಬಡಿಯುತ್ತಲೇ ಓಣಿಯ ಮಕ್ಕಳನ್ನೆಲ್ಲ ಕೂರಿಸಿಕೊಂಡು ಕಥೆ ಹೇಳಬಲ್ಲ ಹೆಂಗಸರು ಇಲ್ಲಿಗೆ ಬಂದ ಮೇಲೆ ನಿಂಬೆಹಣ್ಣು ದುಂಡಗಿದೆ ಎಂದು ಹೇಳುವುದಕ್ಕೂ ಬೆವರುತ್ತಿದ್ದರು.

ವಿರುಪಮ್ಮ ಬೆವರುತ್ತಿರಲಿಲ್ಲ. ಅದೇ ತೊಂದರೆಯಾಗಿತ್ತು. ಕಂಪ್ಲಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ತೋಟಪ್ಪನ ಮಗಳು ಅವಳು. ಹೆದರಿಕೆಯಿಲ್ಲ, ಉತ್ಸಾಹವಿಲ್ಲ, ಐದು ಮೆಟ್ಟಿಲನ್ನೂ ಬಾಯಿಪಾಠವಾಗಿ ಒಪ್ಪಿಸಿ ಬೋರ್ಡಿನ ಪಕ್ಕದ ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದಳು. ಮಕ್ಕಳು ಉತ್ತರ ಹೇಳಿದರೆ ಸರಿ, ಹೇಳದಿದ್ದರೂ ಸರಿ. ಯಾವುದಾದರೂ ಮಗು ಸ್ಲೇಟು ತೋರಿಸಲು ಹತ್ತಿರ ಬಂದರೆ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದಳು.

ಅಲ್ಲಿ ಟೀಕೆಯ ಪಾಠ ಎಂಬ ಒಂದು ಪದ್ಧತಿಯಿತ್ತು. ಒಬ್ಬಳು ಪಾಠ ಮಾಡಬೇಕು, ಉಳಿದವರು ಹಿಂದಿನ ಬೆಂಚಿನಲ್ಲಿ ಕೂತು ತಪ್ಪು ಆರಿಸಬೇಕು, ಮಕ್ಕಳು ಹೋದ ಮೇಲೆ ಒಬ್ಬೊಬ್ಬರಾಗಿ ಎದ್ದು ಹೇಳಬೇಕು. ಅತ್ತೆ, ನಾದಿನಿಯರ ಕೈಯಲ್ಲಿ ಪಳಗಿ ಬಂದವರಿಗೆ ಇದೇನೂ ಹೊಸದಲ್ಲ ಅನ್ನಿ. ವಿರುಪಮ್ಮ ಇಂಥ ಪಾಠ ಎರಡು ಸಲ ಮಾಡಿ ಎರಡು ಸಲವೂ ನಪಾಸಾಗಿದ್ದಳು. ಎರಡನೆಯ ಸಲ ಹೆಡ್‌ಮಿಸ್ಟ್ರೆಸ್ ಗೋದಾಬಾಯಿ ಅವಳನ್ನು ಕರೆಸಿ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟರು.

"ಶುಕ್ರವಾರ ಇನ್ನೊಂದು ಪಾಠ ತಗೋ. ಅದೂ ಹಿಂಗೇ ಆದ್ರ ಸೋಮವಾರ ಗಾಡಿ ತಗೊಂಡು ಬರ್ರಿ ಅಂತ ನಿಮ್ಮ ಅಪ್ಪಗ ಹೇಳಿ ಕಳಸ್ತೀನಿ. ನಿನಗ ಬುದ್ಧಿ ಕಡಿಮಿ ಅಂತಲ್ಲ. ಗೋಡಿ ಹಂಗ ನಿಂತವರ ಕೈಯಾಗ ಸಣ್ಣ ಹುಡುಗರನ್ನ ಕೊಡಲಿಕ್ಕೆ ನನಗೆ ಮನಸ್ಸು ಬರೂದಿಲ್ಲ."

ಗೋದಾಬಾಯಿ ಮಾತಿಗೆ ತಪ್ಪುವವರಲ್ಲ. ಎಳೆ ವಯಸ್ಸಿಗೇ ತಲೆ ಬೋಳಿಸಿಕೊಂಡು ಕೆಂಪು ಸೀರೆ ಉಟ್ಟ ವೈಷ್ಣವರ ಹೆಣ್ಣುಮಗಳು. ಅಣ್ಣ ತಮ್ಮಂದಿರೊಡನೆ ಜಗಳವಾಡಿ ಓದು ಕಲಿತು ಈ ಕುರ್ಚಿಗೆ ಬಂದವರು. ಅವರೆದುರು ಕಣ್ಣೀರು ಹಾಕಿದರೆ ಮೂಗು ಒರೆಸಿಕೊ ಎಂದು ಹೇಳಿ ಮುಂದಿನ ಕೆಲಸ ನೋಡುತ್ತಿದ್ದರು.

ವಿರುಪಮ್ಮ ಕಣ್ಣೀರನ್ನೂ ಹಾಕಲಿಲ್ಲ. ಆದರೆ ಗಾಡಿ ಎಂಬ ಮಾತು ಕಿವಿಗೆ ಬಿದ್ದಾಗ ಕಂಪ್ಲಿಯ ಮನೆಯ ಒಳಕೋಣೆಯ ಗೋಡೆ ಅವಳ ಕಣ್ಣಮುಂದೆ ಬಂತು. ತನ್ನ ಒಬ್ಬಳೇ ಮಗಳು ತೀರಿಕೊಂಡ ಮೇಲೆ ತಿಂಗಳುಗಟ್ಟಲೆ ಆ ಗೋಡೆಗೆ ಮುಖ ಮಾಡಿ ಕೂತಿದ್ದಳು. ಉಣ್ಣು ಎಂದರೆ ಉಂಡಳು, ಏಳು ಎಂದರೆ ಎದ್ದಳು. ಹೀಗೇ ಬಿಟ್ಟರೆ ತನ್ನ ಮಗಳೂ ಕೈಬಿಟ್ಟು ಹೋಗುತ್ತಾಳೆಂದು ಹೆದರಿದ ತೋಟಪ್ಪ, ಊರವರ ಮಾತನ್ನು ಬದಿಗಿಟ್ಟು, ಅವಳನ್ನು ಇಲ್ಲಿ ತಂದು ಸೇರಿಸಿದ್ದ. ಇಲ್ಲಿಯೂ ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ. ಆದರೂ ಮತ್ತೆ ಆ ಗೋಡೆಯ ಮುಂದೆ ಕೂತರೆ ತಾನು ಏಳುವುದಿಲ್ಲ ಎಂಬಷ್ಟು ಅವಳಿಗೆ ಗೊತ್ತಿತ್ತು.

ಗಂಡ ಹೋದದ್ದು ಮಗಳು ಸುವರ್ಣಿ ತೊಟ್ಟಿಲಲ್ಲಿದ್ದಾಗ. ಆ ದುಃಖವನ್ನು ಅತ್ತು ಹಗುರ ಮಾಡಿಕೊಂಡಿದ್ದಳು, ಯಾಕೆಂದರೆ ಮಡಿಲಲ್ಲಿ ಕೂಸಿತ್ತು. ಸುವರ್ಣಿ ಬೆಳೆದು ಅಕ್ಷರ ತಿದ್ದುವ ಹೊತ್ತಿಗೆ, ದೊಡ್ಡ ಲಡಾಯಿ ಮುಗಿದ ವರ್ಷ, ಊರೂರಿಗೆಲ್ಲ ಇನ್‌ಫ್ಲುಯೆಂಜಾ ಜ್ವರ ಬಂತು. ಮನೆಮನೆಯಲ್ಲೂ ಹೆಣ ಬಿದ್ದವು. ಹೆಂಗಸರು ಬರಬಾರದೆಂದು ಯಾರೋ ತಡೆದರೂ ಕೇಳದೆ ವಿರುಪಮ್ಮ ಮಗಳ ಹಿಂದೆ ಕುಣಿಯ ತನಕ ಹೋದಳು. ಲಿಂಗವಂತರಾದ ಅವರಲ್ಲಿ ಹೂಳುವ ಮುಂಚೆ, ಕೊರಳಲ್ಲಿದ್ದ ಲಿಂಗವನ್ನು ಬಿಚ್ಚಿ ಸತ್ತವರ ಎಡ ಅಂಗೈಯಲ್ಲಿ ಇಡುತ್ತಾರೆ. ಅಯ್ಯನವರು ಇಟ್ಟರು. ಸುವರ್ಣಿಯ ಬೆರಳುಗಳು ಹಿಡಿಯಲಿಲ್ಲ. "ನೀನ ಮಡಚವ್ವಾ" ಎಂದು ಅಯ್ಯನವರು ಹೇಳಿದ್ದರಿಂದ ವಿರುಪಮ್ಮ ಕುಣಿಯ ಅಂಚಿನಲ್ಲಿ ಬಗ್ಗಿ ಆ ಬೆರಳುಗಳನ್ನು ಮಡಚಿದಳು. ಅವು ಮತ್ತೆ ಬಿಚ್ಚಿಕೊಂಡವು. ಮತ್ತೆ ಮಡಚಿದಳು. ಕೊನೆಗೆ ಯಾರೋ ಒಂದು ಬಟ್ಟೆ ಸುತ್ತಿ ಕಟ್ಟಿದರು.

ಅಂದಿನಿಂದ ಅವಳು ತನ್ನ ಕೊರಳಿನಲ್ಲಿ ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ತೆರೆದಿರಲಿಲ್ಲ. ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡದೆ ಅವರ ಪೈಕಿಯವರು ಬಾಯಿಗೆ ನೀರು ಹಾಕುವುದಿಲ್ಲ. ಇವಳು ಕರಡಿಗೆಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಮುದ್ದೆ ಉಂಡು ಎದ್ದು ಹೋಗುತ್ತಿದ್ದಳು. ದೇವರ ಮೇಲೆ ಸಿಟ್ಟು ಬಂದಿದ್ದರೆ ಒಳ್ಳೆಯದಿತ್ತು. ಸಿಟ್ಟೂ ಇರಲಿಲ್ಲ.

ಇದು ಗೊತ್ತಿದ್ದವಳು ಒಬ್ಬಳೇ, ಜೊತೆಗೆ ಕೋಣೆಯಲ್ಲಿದ್ದ ಮರಿಯಮ್ಮನಹಳ್ಳಿಯ ಜಂಬಕ್ಕ. ಇಡೀ ದಿನ ವಟವಟ ಎನ್ನುವ ಹೆಂಗಸು. ಮಾತು ಕಡಿಮೆ ಮಾಡು ಎಂದು ಗೋದಾಬಾಯಿಯವರಿಂದ ದಿನಾ ಬೈಸಿಕೊಳ್ಳುತ್ತಿದ್ದಳು. ಆದರೆ ಈ ಒಂದು ವಿಷಯದಲ್ಲಿ ಮಾತ್ರ ಅವಳ ಬಾಯಿಗೆ ಬೀಗ. ಬೆಳಗ್ಗೆ ತನ್ನ ಪೂಜೆಗೆ ಪತ್ರೆ, ಹೂವು ಕಿತ್ತು ತಂದವಳು ಅದರಲ್ಲಿ ಅರ್ಧ ಪಾಲು ವಿರುಪಮ್ಮನ ಚಾಪೆಯ ಪಕ್ಕದಲ್ಲಿ, ವಿಭೂತಿಗಟ್ಟಿಯ ಜೊತೆಗೆ ಇಟ್ಟು ಹೋಗುತ್ತಿದ್ದಳು. ಸಂಜೆ ಬಾಡಿದ್ದನ್ನು ತೆಗೆದು ಗಿಡದ ಬುಡಕ್ಕೆ ಹಾಕುತ್ತಿದ್ದಳು. ಯಾಕೆ ಮಾಡಲಿಲ್ಲ ಎಂದು ಒಂದು ದಿನವೂ ಕೇಳಲಿಲ್ಲ.

ಒಂದು ರಜೆಯ ದಿನ ಅವಳೇ ಹಟ ಹಿಡಿದು ವಿರುಪಮ್ಮನನ್ನು ಹಂಪಿಗೆ ಕರೆದುಕೊಂಡು ಹೋದಳು. ನಿನ್ನ ಹೆಸರಿನ ದೇವರೇ ಅಲ್ಲಿ ಕೂತಾನ ನಡಿ ಎಂದಳು. ವಿರೂಪಾಕ್ಷನ ಮುಂದೆ ಜಂಬಕ್ಕ ಕಣ್ಣು ಮುಚ್ಚಿ, ಊರಿನಲ್ಲಿರುವವರ ಹೆಸರನ್ನೆಲ್ಲ ಹೇಳಿ ಬೇಡಿಕೊಂಡಳು. ವಿರುಪಮ್ಮ ದೀಪದ ಹೊಗೆಯಿಂದ ಕಪ್ಪಾದ ಬಾಗಿಲವಾಡವನ್ನು ನೋಡುತ್ತ ನಿಂತಳು. ಹೊರಗೆ ಬಂದ ಮೇಲೆ "ಏನರ ಅನ್ನಿಸ್ತೇನು?" ಎಂದು ಜಂಬಕ್ಕ ಕೇಳಿದಾಗ "ಕಾಲು ಸುಡಾಕತ್ತಾವು" ಎಂದಳು. ಜಂಬಕ್ಕ ಅವಳನ್ನು ನೆರಳಿಗೆ ಎಳೆದುಕೊಂಡು ಹೋದಳು.

ಶುಕ್ರವಾರ ಬಂತು. ಪಾಠಕ್ಕೆಂದು ಗೋದಾಬಾಯಿ ಬೀರುವಿನಿಂದ ತೆಗೆದುಕೊಟ್ಟದ್ದು ಸಂಡೂರಿನ ಗುಡ್ಡದ ಒಂದು ಕಬ್ಬಿಣದ ಕಲ್ಲು. ಸಣ್ಣ ಬೆಲ್ಲದುಂಡೆಯಷ್ಟು, ಕಪ್ಪು, ಅಲ್ಲಲ್ಲಿ ಕೆಂಪು. ಒಂದನೇ ಕ್ಲಾಸಿನ ಹುಡುಗಿಯರು ನೆಲದ ಮೇಲೆ ಸಾಲಾಗಿ ಕೂತಿದ್ದರು. ಹಿಂದಿನ ಬೆಂಚಿನಲ್ಲಿ ತಪ್ಪು ಆರಿಸುವವರು, ಪಕ್ಕದ ಕುರ್ಚಿಯಲ್ಲಿ ಗೋದಾಬಾಯಿ.

"ಮಕ್ಕಳೇ, ನೀವು ಗುಡ್ಡವನ್ನು ನೋಡಿದ್ದೀರಾ?" ವಿರುಪಮ್ಮ ಪುಸ್ತಕದ ಮಾತಿನಲ್ಲಿ ಮೊದಲನೇ ಮೆಟ್ಟಿಲು ಹತ್ತಿದಳು.

"ನೋಡೀವ್ರೀ."

"ಗುಡ್ಡದಲ್ಲಿ ಏನೇನು ಇರುತ್ತದೆ?"

"ಮಂಗ್ಯಾ ಇರ್ತಾವ್ರೀ!" ಎಂದಳು ಮುಂದಿನ ಸಾಲಿನಲ್ಲಿದ್ದ ಹಂಪಕ್ಕ ಎಂಬ ಪುಟ್ಟ ಹುಡುಗಿ. ಎಲ್ಲರೂ ನಕ್ಕರು. ವಿರುಪಮ್ಮ ನಗಲಿಲ್ಲ. ವಸ್ತುವನ್ನು ತೋರಿಸುವುದು ಎರಡನೇ ಮೆಟ್ಟಿಲು. ಬಲಗೈಯಲ್ಲಿ ಸೀಮೆಸುಣ್ಣ ಇದ್ದುದರಿಂದ ಮೇಜಿನ ಮೇಲಿನ ಕಲ್ಲನ್ನು ಎಡಗೈಯಿಂದ ತೆಗೆದುಕೊಂಡು ಅಂಗೈಯಲ್ಲಿ ಇಟ್ಟುಕೊಂಡಳು.

ಕಲ್ಲು ಕಣ್ಣಿಗೆ ಕಂಡದ್ದಕ್ಕಿಂತ ಭಾರವಾಗಿತ್ತು. ಕೈ ಕೆಳಗೆ ಕುಸಿಯಿತು. ಕುಸಿದ ಕೈ ತಾನಾಗಿಯೇ ಮೇಲೆದ್ದಿತು. ಅದು ಎಷ್ಟು ಎತ್ತರಕ್ಕೆ ಬರಬೇಕೋ, ಎಲ್ಲಿ ನಿಲ್ಲಬೇಕೋ, ಅವಳ ಕೈಗೆ ಚಿಕ್ಕಂದಿನಿಂದ ಗೊತ್ತಿತ್ತು. ಸೀಮೆಸುಣ್ಣ ಕೆಳಗೆ ಬಿದ್ದು ಮುರಿಯಿತು. ಬಲಗೈ ಬಂದು ಎಡಗೈಯ ಕೆಳಗೆ ಆಸರೆ ಕೊಟ್ಟಿತು. ಕಲ್ಲು ಅವಳ ಕಣ್ಣಿಗೆ ಸರಿಯಾಗಿ ನಿಂತಿತು, ಅವಳು ಅದನ್ನು ನೋಡುತ್ತ ನಿಂತುಬಿಟ್ಟಳು.

ಪಾಠ ನಿಂತಿತು. ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ಮಕ್ಕಳು ಪಿಸುಗುಟ್ಟಿದವು, ಆಮೇಲೆ ಅವೂ ಸುಮ್ಮನಾದವು. ಆ ಮಕ್ಕಳಲ್ಲಿ ಅರ್ಧಕ್ಕರ್ಧ ಲಿಂಗ ಕಟ್ಟಿಕೊಂಡವರ ಮನೆಯವು. ಮನೆಯಲ್ಲಿ ಅವ್ವನೋ ಅಜ್ಜಿಯೋ ಹೀಗೆ ಅಂಗೈ ನೋಡುತ್ತ ಕೂತಾಗ ಮಾತಾಡಬಾರದು ಎಂಬುದು ಅವಕ್ಕೆ ಗೊತ್ತು. "ಶ್, ಅಕ್ಕೋರು ಪೂಜಿ ಮಾಡಾಕತ್ತಾರ" ಎಂದು ಒಂದು ಮಗು ಇನ್ನೊಂದರ ಬಾಯಿ ಮುಚ್ಚಿತು. ವೈಷ್ಣವರ ಮಕ್ಕಳೂ ಏನೋ ನಡೆದಿದೆ ಎಂದು ಕತ್ತು ಚಾಚಿ ಕಲ್ಲನ್ನು ನೋಡಿದವು. ಆ ಶಾಲೆಯಲ್ಲಿ ಒಂದು ವಸ್ತುವನ್ನು ಮಕ್ಕಳು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲಿರಬೇಕು.

ಎಷ್ಟು ಹೊತ್ತಾಯಿತೋ, ಹಂಪಕ್ಕನಿಗೆ ತಡೆಯಲಾಗಲಿಲ್ಲ. ಎದ್ದು ಬಂದು ವಿರುಪಮ್ಮನ ಸೀರೆಗೆ ತಾಗಿ ನಿಂತು ಎಡಗೈ ಚಾಚಿದಳು.

"ನನಗೂ ಕೊಡ್ರೀ ಅಕ್ಕೋರ."

ಹಿಂದೆ ಸರಿಯಬೇಕೆಂಬುದು ವಿರುಪಮ್ಮನಿಗೆ ನೆನಪಾಗಲಿಲ್ಲ. ಬಗ್ಗಿ, ಆ ಪುಟ್ಟ ಅಂಗೈಯಲ್ಲಿ ಕಲ್ಲನ್ನು ಇಟ್ಟಳು. ಬೆರಳುಗಳನ್ನು ಮಡಚಲು ಅವಳ ಕೈ ಮುಂದೆ ಹೋಯಿತು.

ಮಡಚಬೇಕಾಗಲಿಲ್ಲ. ಹಂಪಕ್ಕನ ಬೆರಳುಗಳು ತಾವಾಗಿ ಕಲ್ಲನ್ನು ಗಟ್ಟಿಯಾಗಿ ಹಿಡಿದುಕೊಂಡವು. ಕೈ ಬೆಚ್ಚಗಿತ್ತು, ಬೆವರಿತ್ತು, ಉಗುರಿನಲ್ಲಿ ಮಣ್ಣಿತ್ತು.

"ಹೆಂಗೈತಿ?" ವಿರುಪಮ್ಮನ ಬಾಯಿಂದ ಪುಸ್ತಕದ ಮಾತು ಬರಲಿಲ್ಲ.

"ಭಾಳ ಭಾರ ಐತ್ರೀ!"

"ಬಿಡಬ್ಯಾಡ. ಗಟ್ಟಿ ಹಿಡ್ಕೊ."

ಆಮೇಲೆ ಎಲ್ಲ ಮಕ್ಕಳೂ ಎದ್ದು ನಿಂತವು. ವಿರುಪಮ್ಮ ಒಂದೊಂದು ಕೈಯಲ್ಲೂ ಕಲ್ಲನ್ನು ಇಟ್ಟು, ಪ್ರತಿಯೊಂದು ಮುಷ್ಟಿಯನ್ನೂ ತನ್ನ ಎರಡು ಕೈಗಳ ನಡುವೆ ಹಿಡಿದು ನೋಡಿದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ಮೂರು ಮೆಟ್ಟಿಲು ಹಾಗೆಯೇ ಉಳಿದವು.

ಮಕ್ಕಳು ಹೋದ ಮೇಲೆ ಟೀಕೆ ಶುರುವಾಯಿತು. ಬೋರ್ಡಿನ ಮೇಲೆ ಒಂದಕ್ಷರ ಬರೆಯಲಿಲ್ಲ ಎಂದಳು ಒಬ್ಬಳು. ಹೋಲಿಕೆ ಆಗಲಿಲ್ಲ, ಮಾತೇ ಆಡಲಿಲ್ಲ, ಮಕ್ಕಳು ಸಾಲು ಬಿಟ್ಟು ಎದ್ದವು ಎಂದರು ಉಳಿದವರು. ಜಂಬಕ್ಕ ತನ್ನ ಸರದಿ ಬಂದಾಗ ನೆಲ ನೋಡುತ್ತ "ನನಗ ಯಾವ ತಪ್ಪೂ ಕಾಣಲಿಲ್ರೀ" ಎಂದು ಕೂತಳು. ಕೊನೆಗೆ ವೈಷ್ಣವರ ಸೀತಾಬಾಯಿ ಎದ್ದಳು.

"ವಸ್ತುವನ್ನ ಎಡಗೈಯೊಳಗ ಹಿಡಕೊಂಡ್ರು. ಮಕ್ಕಳಿಗೂ ಎಡಗೈಯೊಳಗೇ ಕೊಟ್ರು. ಅದು ಶುಭ ಅಲ್ಲ."

"ಕೂತ್ಕೊ ಸೀತಾ," ಎಂದರು ಗೋದಾಬಾಯಿ. "ನಮ್ಮ ಎಡಗೈ ಬ್ಯಾರೆ, ಅವರ ಎಡಗೈ ಬ್ಯಾರೆ. ಅಷ್ಟು ತಿಳೀದೇ ಈ ಊರಾಗ ಪಾಠ ಹೇಳಲಿಕ್ಕೆ ಹೊಂಟೀಯೇನು?" ಆಮೇಲೆ ವಿರುಪಮ್ಮನ ಕಡೆಗೆ ತಿರುಗಿದರು. ಬಯ್ಗುಳ ಬರುತ್ತದೆ ಎಂದೇ ಎಲ್ಲರೂ ತಿಳಿದಿದ್ದರು, ಬಂತು ಕೂಡ. "ಪಾಠ ಪೂರಾ ಕೆಟ್ಟಿತು. ಮೂರು ಮೆಟ್ಟಿಲು ನುಂಗಿದಿ. ಮಂಗಳವಾರ ಇದೇ ಪಾಠ ಮೊದಲಿಂದ ಮಾಡಬೇಕು."

"ಮಂಗಳವಾರೇನ್ರೀ?" ಎಂದಳು ವಿರುಪಮ್ಮ. ಸೋಮವಾರ ಗಾಡಿ ಬರಬೇಕಿತ್ತಲ್ಲ.

"ಹೌದು, ಮಂಗಳವಾರ. ನಿಮ್ಮ ಅಪ್ಪಗ ಗಾಡಿ ತರ್ರಿ ಅಂತ ಹೇಳಿ ಕಳಸೂದಿಲ್ಲ. ಮೆಟ್ಟಿಲು ಕಲಿಸೋದು ನನ್ನ ಕೆಲಸ, ಕಲಸ್ತೀನಿ. ಇಷ್ಟು ದಿನ ಕಲಿಸಲಿಕ್ಕೆ ನೀನೇ ಇಲ್ಲಿರಲಿಲ್ಲ." ಅಷ್ಟು ಹೇಳಿ ಹೋಗಲು ಎದ್ದವರು ಬಾಗಿಲಲ್ಲಿ ನಿಂತು, ಸ್ವಲ್ಪ ಒರಟಾಗಿಯೇ, "ಆ ಸಣ್ಣ ಹುಡುಗಿ ಕೈ ಹಿಡಿದಿಯಲ್ಲ, ಹಂಗೇ ಹಿಡಿ" ಎಂದರು.

ಮರುದಿನ ಬೆಳಗ್ಗೆ ಸ್ನಾನ ಮಾಡಿ ಬಂದರೂ ಅಂಗೈಯ ಗೆರೆಗಳಲ್ಲಿ ಸಂಡೂರಿನ ಕೆಂಪು ಉಳಿದಿತ್ತು. ಚಾಪೆಯ ಪಕ್ಕದಲ್ಲಿ ಎಂದಿನಂತೆ ಪತ್ರೆ, ಹೂವು, ವಿಭೂತಿ. ವಿರುಪಮ್ಮ ಬಹಳ ಹೊತ್ತು ಅವನ್ನು ನೋಡುತ್ತ ಕೂತಿದ್ದು ಕರಡಿಗೆಗೆ ಕೈ ಹಾಕಿದಳು. ಮುಚ್ಚಳ ಬಿಗಿದಿತ್ತು, ಹಲ್ಲು ಕಚ್ಚಿ ತಿರುವಿದಳು. ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡಳು. ದೇವರು ಕಾಣಲಿಲ್ಲ, ಸಮಾಧಾನವೂ ಆಗಲಿಲ್ಲ. ಸುವರ್ಣಿಯ ಬೆರಳು ನೆನಪಾಯಿತು, ಹಂಪಕ್ಕನ ಬೆರಳು ನೆನಪಾಯಿತು. ಕುಣಿಯ ಅಂಚಿನಲ್ಲಿ ಬಾರದಿದ್ದ ಅಳು ಆಗ ಬಂತು. ಅಳುತ್ತಲೇ ಇದ್ದರೂ ಕೈಯನ್ನು ಕೆಳಗಿಳಿಸಲಿಲ್ಲ.

ಊಟಕ್ಕೆ ಕರೆಯಲು ಬಂದ ಜಂಬಕ್ಕ ಹೊಸ್ತಿಲಲ್ಲೇ ನಿಂತಳು.

"ಭಾರ ಐತಿ ಅಕ್ಕಾ," ಎಂದಳು ವಿರುಪಮ್ಮ.

"ಹೂಂನವ್ವಾ. ಹಿಡ್ಕೊ," ಎಂದು ಜಂಬಕ್ಕ ಬಾಗಿಲನ್ನು ಮುಂದಕ್ಕೆಳೆದುಕೊಂಡು, ಯಾರೂ ಒಳಗೆ ಬಾರದ ಹಾಗೆ ಹೊರಗೆ ಕೂತಳು.