ಸಾಲ್ಹಾಳ ಹೆಬ್ಬೆರಳು

"ಆ ಹೆಬ್ಬೆರಳನ್ನ ಎಲ್ಲಿಗಾದ್ರೂ ತುರುಕ್ಕೋ ಮುದುಕಿ. ಇದೇನು ನಿಮ್ಮ ಹಳ್ಳಿ ಒಲೆಯಾ, ರೊಟ್ಟಿ ತಟ್ಟೋಕೆ?"

ಮೇಸ್ತ್ರಿ ಮೊಂಜಿ ಫೂಟುಪಟ್ಟಿಯಿಂದ ಸಾಲ್ಹಾಳ ಕೈಗೆ ಹೊಡೆದ. ಮೆಲ್ಲಗೇ ಹೊಡೆದ, ಅವಳ ಹಣೆಗೆ ಕಟ್ಟಿದ್ದ ಕ್ಯಾಮೆರಾ ಅಲುಗಬಾರದಲ್ಲ.

ಸೂಸ್ ಊರಾಚೆ, ಆಲಿವ್ ತೋಪು ಕಡಿದು ಕಟ್ಟಿದ ಕಾರ್ಖಾನೆ. ಅಲ್ಲಿ ನಾವು ಹನ್ನೆರಡು ಹೆಂಗಸರು ರಕ್ತಪರೀಕ್ಷೆಯ ಡಬ್ಬಿ ಜೋಡಿಸುತ್ತಿದ್ದೆವು. ಬೆರಳುದ್ದದ ಪ್ಲಾಸ್ಟಿಕ್ ತಟ್ಟೆ, ಅದರೊಳಗೊಂದು ಕಾಗದದ ಪಟ್ಟಿ, ಮೇಲೊಂದು ಮುಚ್ಚಳ. ಒಂದು ಹನಿ ರಕ್ತಕ್ಕೆ ಒಂದು ಡಬ್ಬಿ; ಆಮೇಲೆ ಕಸ. ಮುಚ್ಚುವ ಮುಂಚೆ ಸಾಲ್ಹಾ ಪಟ್ಟಿಯ ಮೇಲೆ ಹೆಬ್ಬೆರಳನ್ನು ಒಮ್ಮೆ ಎಳೆಯುತ್ತಿದ್ದಳು, ರಂಜಾನಿನಲ್ಲಿ ಮೊಟ್ಟೆ ಕಡುಬಿನ ಅಂಚು ತೀಡುವ ಹಾಗೆ. ಪಟ್ಟಿಯ ಬಾಲ ಮೇಲೆದ್ದಿದ್ದರೆ ಅಲ್ಲೇ ಕೂರುತ್ತಿತ್ತು. ನಾವೆಲ್ಲ ಕಲಿತದ್ದು ಅವಳಿಂದಲೇ.

ಈಗ ಹಣೆಯ ಕ್ಯಾಮೆರಾದಲ್ಲಿ ಅವಳ ಕೈ ನೋಡಿ ಕಲಿಯಲು ಯಂತ್ರ ಬಂದಿತ್ತು. ಅದು ಕಲಿತ ಮೇಲೆ ನಾವೆಲ್ಲ ಮನೆಗೆ ಎಂದು ಗೋಡೆಗೆ ಚೀಟಿ ಅಂಟಿಸಿದ್ದರು. ಚೀಟಿಯಲ್ಲಿ ನಮಗೆ ಅಭಿನಂದನೆಯೂ ಇತ್ತು.

"ತೀಡದೆ ಮುಚ್ಚಿದ್ರೆ ಪಟ್ಟಿ ಏಳತ್ತೆ ಸಾಹೇಬ್ರೇ, ರಕ್ತ ಹತ್ತಲ್ಲ," ಅಂದಳು ಸಾಲ್ಹಾ.

"ಎಷ್ಟು ಓದಿದೀಯಾ ನೀನು?"

"ಓದಿಲ್ಲ."

"ಹಾಗಾದ್ರೆ ಬಾಯ್ಮುಚ್ಚು. ಇಡು, ಮುಚ್ಚು, ಅಷ್ಟೇ. ನಿನ್ನ ಹೊಲಸು ಹಳ್ಳಿ ಚಟ ಯಂತ್ರಕ್ಕೂ ಅಂಟಿಸ್ಬೇಡ."

ಪಕ್ಕದ ಮನೂಬಿಯಾ ತಲೆ ಎತ್ತದೆ ಅಂದಳು: "ಕೇಳ್ಬೇಕು ಚಿಕ್ಕಮ್ಮ. ಓದಿದೋರು ಹೇಳ್ತಿದಾರೆ."

ಸಾಲ್ಹಾ ಕೇಳಿದಳು. ಮೂರು ದಿನ ಇಟ್ಟಳು, ಮುಚ್ಚಿದಳು. ಒಮ್ಮೆಯೂ ತೀಡಲಿಲ್ಲ.

ರಾಜಧಾನಿ ಟ್ಯೂನಿಸ್‌ನಿಂದ ಮಂತ್ರಿ ಬಂದ ದಿನ ನಮಗೂ ಬಿಳಿ ಕೋಟು ತೊಡಿಸಿ ಗೋಡೆ ಸಾಲಿಗೆ ನಿಲ್ಲಿಸಿದರು. ಹೊರಗೆ ಕುರಿ ಸುಡುತ್ತಿದ್ದ ವಾಸನೆ. ಯಂತ್ರದ ತೋಳು ಸಾಲ್ಹಾಳಂತೆಯೇ ಮೊಣಕೈ ಬಾಗಿಸಿ ಇಟ್ಟಿತು, ಮುಚ್ಚಿತು. ಚಪ್ಪಾಳೆಯಾಯಿತು. ಮಂತ್ರಿಯ ಬೆರಳು ಚುಚ್ಚಿ ಡಬ್ಬಿಗೆ ಒಂದು ಹನಿ ಬಿಟ್ಟರು. ಪಟ್ಟಿಯ ಮೇಲೆ ಫಲಿತಾಂಶದ ಗೆರೆ ಮೂಡಲಿಲ್ಲ. ಇನ್ನೊಂದು ಡಬ್ಬಿ, ಇನ್ನೊಂದು ಬೆರಳು. ಮೂಡಲಿಲ್ಲ. ನಾಲ್ಕನೆಯದಕ್ಕೆ ಮಂತ್ರಿ ಕೈ ಹಿಂದಕ್ಕೆಳೆದುಕೊಂಡ.

"ಏನ್ರೀ, ನನ್ನ ಮೈಯಲ್ಲಿ ರಕ್ತಾನೇ ಇಲ್ವಾ?"

ಮೊಂಜಿ ಬೆವರುತ್ತ ನಮ್ಮತ್ತ ಬಂದ. "ಸಾಲ್ಹಾ, ತಾಯಿ, ನಿನ್ನ ಕೈಯಾರೆ ಒಂದೇ ಒಂದು ಡಬ್ಬಿ. ಆ ಹೆಬ್ಬೆರಳು ಎಳೀತಿದ್ಯಲ್ಲ, ಹಾಗೆ."

"ಹಳ್ಳಿ ಚಟ ಸಾಹೇಬ್ರೇ. ಬಿಟ್ಬಿಟ್ಟೆ."

"ಸೂಳೆ..." ಅಂದವನು ಮಂತ್ರಿಯ ಕಡೆ ನೋಡಿ ಉಗುಳು ನುಂಗಿದ. "ನಿನ್ನ ಕೆಲಸ ಉಳೀತದೆ."

"ನಂದೊಂದೇನಾ?"

ಅವನು ಖಾಲಿ ತಟ್ಟೆಯೊಂದನ್ನು ಅವಳ ಮುಂದೆ ಚಾಚಿದ.

ಸಾಲ್ಹಾ ಎರಡೂ ಹೆಬ್ಬೆರಳುಗಳನ್ನು ಅಂಗೈಯೊಳಗೆ ಮಡಚಿ ಮುಷ್ಟಿಗಳನ್ನು ಕೋಟಿನ ಜೇಬಿಗಿಳಿಸಿದಳು. ಮನೂಬಿಯಾ ಇಳಿಸಿದಳು. ನಾನೂ ಇಳಿಸಿದೆ. ಸಾಲಿನ ಕೊನೆಯವರೆಗೂ ಒಂದು ಕೈಯೂ ಹೊರಗೆ ಉಳಿಯಲಿಲ್ಲ.

ನಿಲ್ಲಿಸುವ ಗುಂಡಿ ಯಾರಿಗೂ ನೆನಪಾಗಿರಲಿಲ್ಲ. ಯಂತ್ರ ಇಡುತ್ತಲೇ ಇತ್ತು, ಮುಚ್ಚುತ್ತಲೇ ಇತ್ತು, ಹೇಳಿಕೊಟ್ಟ ಹಾಗೆಯೇ.